ಮಾರ್ಸಿ ಬೆಟ್ಟದ ಕೆಸರು

ಮಲೆನಾಡಿನಲ್ಲಿ ಹುಟ್ಟಿದವರಿಗೆ ಬೆಟ್ಟ ಹತ್ತುವ ಕಾಲ ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಹಿಂದಾಗಿ, ಉಂಬಳ ಮಣ್ಣು ಸೇರಿ, ಅಡಕೆ ಕೊಯ್ಲು ಮುಗಿದ ಮೇಲೆ ಮೇ ತಿಂಗಳ ಗುಡುಗು ಮಳೆ ಬೀಳುವವರೆಗೆ ದಾರಿಯೆಲ್ಲ ಒಣ. ಕರಡದ ಹುಲ್ಲು, ಧೂಳು, ಕಾಲಡಿ ಉರುಳುವ ಜಂಬಿಟ್ಟಿಗೆ ಹರಳು. ಬೇಸಿಗೆಯಲ್ಲಿ ಗುಡ್ಡ ಹತ್ತುವವನಿಗೆ ಚಿಂತೆಯೇನಿದ್ದರೂ ನೀರಿನದು, ಕೆಸರಿನದಲ್ಲ. ನ್ಯೂಯಾರ್ಕ್ ರಾಜ್ಯದ ಉತ್ತರಕ್ಕಿರುವ ಅಡಿರಾಂಡ್ಯಾಕ್ ಬೆಟ್ಟಗಳ ಪಂಚಾಂಗ ಇದಕ್ಕೆ ತೀರಾ ಉಲ್ಟಾ. ಅಲ್ಲಿ ಚಳಿಗಾಲದಲ್ಲಿ ದಾರಿ ಗಟ್ಟಿ, ಬೇಸಿಗೆಯಲ್ಲಿ ಹುದುಲು.

ನಾವು ಆಲ್ಬನಿಯಲ್ಲಿದ್ದ ಕಾಲ ಅದು. ಹುಬ್ಬಳ್ಳಿಯ ಗೆಳೆಯನೊಬ್ಬ ಆಗಷ್ಟೇ ಅಮೆರಿಕಕ್ಕೆ ಬಂದಿದ್ದ. ರಾಜ್ಯದ ಅತಿ ಎತ್ತರದ ಬೆಟ್ಟ ಮಾರ್ಸಿ, 5,344 ಅಡಿ ಎಂದು ಕೇಳಿದ್ದೇ ಅವನು ಮೊಬೈಲಿನಲ್ಲಿ ಏನೋ ಲೆಕ್ಕ ಹಾಕಿ, "ನಮ್ಮ ಮುಳ್ಳಯ್ಯನಗಿರಿಗಿಂತ ಸಾವಿರ ಅಡಿ ಕಡಿಮಿ ಐತಲ್ಲಪಾ, ಇದನ್ನೇನ್ ಹತ್ತೂದು" ಎಂದ. ಲೆಕ್ಕವೇನೋ ಸರಿ. ಆದರೆ ಮುಳ್ಳಯ್ಯನಗಿರಿಯ ತಲೆಯ ಹತ್ತಿರದವರೆಗೆ ಜೀಪು ಹೋಗುತ್ತದೆ. ಮಾರ್ಸಿಗೆ ಹಾರ್ಟ್ ಲೇಕ್ ಕೆರೆಯ ಪಕ್ಕ ಕಾರು ನಿಲ್ಲಿಸಿ 7.4 ಮೈಲಿ, ಎಂದರೆ 12 ಕಿಲೋಮೀಟರ್ ನಡೆಯಬೇಕು. ಮತ್ತೆ ಅಷ್ಟನ್ನೇ ನಡೆದು ಇಳಿಯಬೇಕು. ರಸ್ತೆ ಇಲ್ಲ, ಬರುವುದೂ ಇಲ್ಲ. ಅಲ್ಲಿನ ಸರ್ಕಾರಿ ಕಾಡು ಎಂದೆಂದೂ ಕಾಡಾಗಿಯೇ ಇರಬೇಕು ಎಂದು 1894ರಲ್ಲಿ ರಾಜ್ಯದ ಸಂವಿಧಾನದಲ್ಲೇ ಬರೆದುಬಿಟ್ಟಿದ್ದಾರೆ. ಪಕ್ಕದ ವೈಟ್‌ಫೇಸ್ ಬೆಟ್ಟಕ್ಕೆ ಕಾರಿನ ರಸ್ತೆ ಮಾಡಲು ಸಂವಿಧಾನಕ್ಕೇ ತಿದ್ದುಪಡಿ ತರಬೇಕಾಯಿತು. ಮಾರ್ಸಿಯ ಕೆಸರಿಗೆ ಹೀಗೆ ಸಂವಿಧಾನದ ಕಾವಲಿದೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ಅದು ತಮಾಷೆ ಮಾತ್ರವಲ್ಲ ಎಂದು ಈಗ ಅನ್ನಿಸುತ್ತದೆ.

ಹೊರಟದ್ದು ಜೂನ್ ಕೊನೆಯಲ್ಲಿ. ಅದಕ್ಕೂ ಮುಂಚೆ ಹೋಗುವುದು ಅಲ್ಲಿಯವರಿಗೆ ಇಷ್ಟವಿಲ್ಲ. ಮೇಲಿನ ಕಾಡಿನಲ್ಲಿ ಮೇ ತಿಂಗಳಲ್ಲೂ ಹಿಮವಿರುತ್ತದೆ. ಚಳಿಗಾಲವಿಡೀ ಜನ ತುಳಿದು ತುಳಿದು ಗಟ್ಟಿಯಾದ ಹಿಮ ದಾರಿಯ ನಟ್ಟನಡುವೆ ಉದ್ದನೆಯ ದಿಣ್ಣೆಯಾಗಿ ನಿಂತು, ಅಕ್ಕಪಕ್ಕದ್ದು ಕರಗಿದ ಮೇಲೂ ಬಹಳ ದಿನ ಉಳಿಯುತ್ತದೆ. ಅದಕ್ಕೆ ಮಾನೊರೈಲ್ ಎಂದೇ ಹೆಸರು. ಅದರ ಮೇಲೆ ನಡೆದರೆ ಜಾರುತ್ತದೆ, ಪಕ್ಕಕ್ಕೆ ಕಾಲಿಟ್ಟರೆ ಕರಗಿದ ನೀರು ಕುಡಿದ ನೆಲ ಮೊಣಕಾಲಿನವರೆಗೆ ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ರಾಜ್ಯದ ಪರಿಸರ ಇಲಾಖೆ ಪ್ರತಿ ವಸಂತದಲ್ಲೂ, ನೆಲ ಆರುವ ತನಕ 2,500 ಅಡಿಗಿಂತ ಮೇಲಿನ ದಾರಿಗಳಿಗೆ ದಯವಿಟ್ಟು ಹೋಗಬೇಡಿ ಎಂದು ಕೇಳಿಕೊಳ್ಳುತ್ತದೆ. ಅಪ್ಪಣೆಯಲ್ಲ, ವಿನಂತಿ. ನಾವು ಹೋಗುವ ಹೊತ್ತಿಗೆ ಆ ವಿನಂತಿಯ ಅವಧಿ ಮುಗಿದಿತ್ತು. ಆದರೆ ಹಿಂದಿನ ಎರಡು ದಿನ ಜೋರು ಮಳೆಯಾಗಿತ್ತು. ಮಾಹಿತಿ ಕೇಂದ್ರದಲ್ಲಿ ಕೂತಿದ್ದ ಹುಡುಗಿಯನ್ನು ದಾರಿ ಹೇಗಿದೆ ಎಂದು ಕೇಳಿದರೆ ಅವಳು ಮಾತಾಡದೆ ತನ್ನ ಪ್ಯಾಂಟನ್ನು ತೋರಿಸಿದಳು. ಮೊಣಕಾಲಿನಿಂದ ಕೆಳಗೆ ಅದರ ಬಣ್ಣ ಬೇರೆಯಾಗಿತ್ತು.

ದಾರಿಯ ಬಾಯಲ್ಲಿ ಒಂದು ರಿಜಿಸ್ಟರು. ಹೆಸರು, ಎಷ್ಟು ಜನ, ಎಲ್ಲಿಗೆ, ಎಷ್ಟು ಹೊತ್ತಿಗೆ ಹೊರಟಿರಿ, ಎಲ್ಲ ಬರೆಯಬೇಕು. ಅಲ್ಲೇ ಸಣ್ಣ ಕಲ್ಲುಗಳ ಗುಡ್ಡೆ, ಮೇಲೆ ಹೋಗುವವರು ಕೈಲಾದಷ್ಟು ಹೊತ್ತೊಯ್ಯಿರಿ ಎಂಬ ಬೋರ್ಡು. ಅದರ ವಿಷಯ ಆಮೇಲೆ ಹೇಳುತ್ತೇನೆ. ಹುಬ್ಬಳ್ಳಿಯವನು ದೊಡ್ಡದೇ ಒಂದನ್ನು ಆರಿಸಿ ಚೀಲಕ್ಕೆ ಹಾಕಿಕೊಂಡ.

ಮೊದಲ ಎರಡು ಮೈಲಿ ಚಿಲ್ಲರೆ ಸಪಾಟು ದಾರಿ. ಅದು ಮಾರ್ಸಿ ಡ್ಯಾಮಿನ ಹತ್ತಿರ ಬಂದು ನಿಲ್ಲುತ್ತದೆ. ಹೆಸರಿಗೆ ಡ್ಯಾಮು, ನೀರೇ ಇಲ್ಲ. 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ಮಳೆ ಬಂದಾಗ ಹೊಳೆ ಉಕ್ಕಿ ಮರದ ಅಣೆಕಟ್ಟೆಯ ಮೇಲಿದ್ದ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಕಟ್ಟೆಯನ್ನು ಮತ್ತೆ ಕಟ್ಟುವ ಬದಲು ಮೆಲ್ಲಮೆಲ್ಲಗೆ ಬಿಚ್ಚಿಹಾಕಿದರು. ಕೆರೆ ಇದ್ದ ಜಾಗದಲ್ಲಿ ಈಗ ಹುಲ್ಲು, ನಡುವೆ ಸಣ್ಣ ಹೊಳೆ. ಹಳೆಯ ಫೋಟೊಗಳಲ್ಲಿ ಕೆರೆಯ ನೀರಿನಲ್ಲಿ ಬೆಟ್ಟದ ನೆರಳು ನೋಡಿದವರಿಗೆ ಬೇಸರವಾಗುತ್ತದೆ, ನನಗೇನೂ ಆಗಲಿಲ್ಲ. ಹೊಳೆಗೆ ಅದರ ಪಾತ್ರ ಸಿಕ್ಕಿತು, ಅಷ್ಟೆ.

ಕೆಸರು ಶುರುವಾದದ್ದು ಅಲ್ಲಿಂದ ಮೇಲೆ, ಸ್ಪ್ರೂಸ್ ಮತ್ತು ಫರ್ ಮರಗಳ ಕಾಡು ದಟ್ಟವಾದ ಮೇಲೆ. ಮೊದಮೊದಲು ಅಲ್ಲಲ್ಲಿ ಒಂದೊಂದು ಹೊಂಡ. ಆಮೇಲೆ ಹೊಂಡಗಳ ನಡುವೆ ಅಲ್ಲಲ್ಲಿ ಒಂದೊಂದು ನೆಲ. ಇಂಡಿಯನ್ ಫಾಲ್ಸ್ ದಾಟಿದ ಮೇಲಂತೂ ದಾರಿ ಎಂದರೆ ಕಪ್ಪು ಅಂಬಲಿ ತುಂಬಿದ ತೊಟ್ಟಿ. ಬೂಟು ಒಳಗೆ ಹೋಗುವಾಗ ಸದ್ದಿಲ್ಲ, ಹೊರಗೆ ಎಳೆಯುವಾಗ ಚೊಳ್ಳೆನ್ನುವ ದೊಡ್ಡ ಸದ್ದು. ಊರುಗೋಲು ಚುಚ್ಚಿ ಆಳ ನೋಡಿದರೆ ಒಂದು ಕಡೆ ಗೇಣು, ಪಕ್ಕದಲ್ಲೇ ಅರ್ಧ ಕೋಲು.

ನಮ್ಮಿಬ್ಬರಲ್ಲಿ ಆಗ ನಡೆದ ಚರ್ಚೆ ಕೆಸರಿನ ಜಾತಿಯದು. ಅವನ ಊರಿನ ಎರೆಮಣ್ಣು ಮಳೆ ಬಿದ್ದರೆ ಅಂಟು. ಹೆಜ್ಜೆಹೆಜ್ಜೆಗೂ ಚಪ್ಪಲಿಗೆ ಮೆತ್ತಿಕೊಂಡು ಕಾಲು ಒಂದೊಂದು ಸೇರು ಭಾರವಾಗುತ್ತದೆ, ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದೇ ನಡೆಯಬೇಕು. ನಮ್ಮ ಕಡೆಯ ಕೆಂಪು ಮಣ್ಣು ಅಂಟುವುದಿಲ್ಲ, ಜಾರಿಸುತ್ತದೆ. ಪಾಚಿಗಟ್ಟಿದ ಧರೆಯ ಮೇಲೆ ಬೀಳದೆ ಮಳೆಗಾಲ ಕಳೆದವರು ಯಾರೂ ಇಲ್ಲ. ಮಾರ್ಸಿಯದು ಎರಡೂ ಅಲ್ಲ. ಅಂಟುವುದಿಲ್ಲ, ಅಷ್ಟಾಗಿ ಜಾರಿಸುವುದೂ ಇಲ್ಲ, ನುಂಗುತ್ತದೆ. ಬೆರಳಲ್ಲಿ ತಿಕ್ಕಿ ನೋಡಿದರೆ ಮರಳಿಲ್ಲ, ಜೇಡಿಯಿಲ್ಲ. ಕೊಳೆತ ಸೂಜಿ ಎಲೆ, ಪಾಚಿ, ಬೇರಿನ ನಾರು. ಮೂಸಿದರೆ ಹಳೆಯ ಗೊಬ್ಬರಗುಂಡಿಯ ಹುಳಿ ವಾಸನೆ. "ಇದು ಮಣ್ಣs ಅಲ್ಲಲೇ" ಎಂದ ಗೆಳೆಯ. ನಿಜ ಹೇಳಬೇಕೆಂದರೆ ಅಲ್ಲ.

ಆ ಬೆಟ್ಟಗಳ ಅಡಿಯಲ್ಲಿರುವುದು ಅನಾರ್ಥೊಸೈಟ್ ಎಂಬ ಕಲ್ಲು. ನೂರು ಕೋಟಿ ವರ್ಷಕ್ಕೂ ಹಳೆಯದು. ಚಂದ್ರನ ಮೇಲೆ ನಮಗೆ ಬೆಳ್ಳಗೆ ಕಾಣುವ ಎತ್ತರದ ಭಾಗಗಳೂ ಇದೇ ಜಾತಿಯ ಕಲ್ಲಿನವು. ಸುಮಾರು ಹನ್ನೆರಡು ಸಾವಿರ ವರ್ಷಗಳ ಹಿಂದೆ ಕರಗಿ ಹಿಂದೆ ಸರಿದ ಹಿಮನದಿಗಳು ಅದಕ್ಕೂ ಮೊದಲೇ ಮೇಲಿದ್ದ ಮಣ್ಣನ್ನೆಲ್ಲ ಕೆರೆದು ಒಯ್ದುಬಿಟ್ಟಿದ್ದವು. ಉಳಿದದ್ದು ಬರೀ ಬಂಡೆ. ಅದರ ಮೇಲೆ ಪಾಚಿ ಹತ್ತಿ, ಮರ ಬೆಳೆದು, ಸೂಜಿ ಎಲೆ ಉದುರಿ, ಚಳಿಗೆ ಸರಿಯಾಗಿ ಕೊಳೆಯದೆ ಪದರ ಪದರವಾಗಿ ಕೂತಿದೆ. ಬಂಡೆಯೊಳಗೆ ನೀರು ಇಂಗುವುದಿಲ್ಲ. ಮೇಲಿನ ಪದರ ನೀರು ಬಿಡುವುದಿಲ್ಲ. ಮರಗಳ ಬೇರು ಈ ತೆಳ್ಳನೆಯ ಪದರದಲ್ಲೇ ಅಡ್ಡಡ್ಡ ಹರಡಿಕೊಂಡು ಹೇಗೋ ಬಂಡೆಯನ್ನು ಹಿಡಿದುಕೊಂಡಿರುತ್ತದೆ. ಅದನ್ನು ಒಬ್ಬ ತುಳಿದರೆ ಏನೂ ಆಗುವುದಿಲ್ಲ. ವರ್ಷಕ್ಕೆ ಸಾವಿರಾರು ಜನ ತುಳಿದರೆ ಕಲಸಿದ ಗಾರೆಯಾಗುತ್ತದೆ.

ಇನ್ನೊಂದು ಕಾರಣ ದಾರಿ ಕಡಿದವರು. ಆಗುಂಬೆ ಘಾಟಿಯಲ್ಲಿ ತಿರುವು ಇರುವುದು ಗಾಡಿ ಹತ್ತಬೇಕು ಎಂಬ ಕಾರಣಕ್ಕೆ. ಹಿಮಾಲಯದ ಹಳೆಯ ದಾರಿಗಳಲ್ಲಿ ಹೇಸರಗತ್ತೆ ಹತ್ತಬೇಕು. ಅಡಿರಾಂಡ್ಯಾಕಿನಲ್ಲಿ 19ನೆಯ ಶತಮಾನದ ಮಾರ್ಗದರ್ಶಿಗಳು, ಕೀನ್ ಕಣಿವೆಯ ಆರ್ಸನ್ ಫೆಲ್ಪ್ಸ್‌ನಂಥವರು, ಶಿಕಾರಿಯವರನ್ನೂ ಪೇಟೆಯ ಸಾಹೇಬರನ್ನೂ ಆದಷ್ಟು ಬೇಗ ತುದಿ ಮುಟ್ಟಿಸಬೇಕಿತ್ತು. ಗಾಡಿಯಿಲ್ಲ, ಕತ್ತೆಯಿಲ್ಲ. ತುದಿ ಎಲ್ಲಿದೆಯೋ ಅತ್ತ ನೆಟ್ಟಗೆ ಕೊಡಲಿ ಬೀಸಿದರು. ನೀರು ಇಳಿಯುವುದೂ ಅದೇ ನೆಟ್ಟನೆಯ ಗೆರೆಯಲ್ಲಿ. ಹೀಗಾಗಿ ಮಳೆ ಬಂದರೆ ದಾರಿಯೇ ಹಳ್ಳ, ಮಳೆ ನಿಂತರೆ ಇಳಿಜಾರಿನ ಭಾಗ ಕಲ್ಲುಗುಂಡುಗಳ ರಾಶಿ, ತುಸು ಮಟ್ಟಸವಿರುವ ಭಾಗ ಹುದುಲು.

ಇದಕ್ಕೆ ಮದ್ದು ನಮ್ಮ ಅಡಕೆ ತೋಟದವರಿಗೆ ಚೆನ್ನಾಗಿ ಗೊತ್ತಿರುವಂಥದ್ದೇ. ನೀರಿಗೆ ದಾರಿ ಬಿಡಬೇಕು. ದಾರಿಗೆ ಓರೆಯಾಗಿ ಮರದ ದಿಮ್ಮಿಯನ್ನೋ ಸಾಲುಗಲ್ಲನ್ನೋ ಹೂತು, ಹರಿದು ಬರುವ ನೀರನ್ನು ಪಕ್ಕದ ಕಾಡಿಗೆ ತಿರುಗಿಸುತ್ತಾರೆ. ಬಸಿಗಾಲುವೆಗಿರುವ ತಾಪತ್ರಯವೇ ಅದಕ್ಕೂ ಇದೆ: ವರ್ಷ ವರ್ಷ ಹೂಳು ತೆಗೆಯದಿದ್ದರೆ ಮುಚ್ಚಿಹೋಗುತ್ತದೆ. ಬೆಟ್ಟ ಹತ್ತುವಾಗ ನಾಲ್ಕಾರು ಹುಡುಗ ಹುಡುಗಿಯರು ಹಾರೆ, ಗುದ್ದಲಿ ಹಿಡಿದು ಅದನ್ನೇ ಮಾಡುತ್ತಿದ್ದರು. ಮೈಯೆಲ್ಲ ಕಪ್ಪು, ಹಲ್ಲು ಮಾತ್ರ ಬಿಳಿ. ನಾನು ನಿಂತು, ತೋಟದ ಬಸಿಗಾಲುವೆಯಿಂದ ಕೆಸರು ಎತ್ತುವ ನಮ್ಮೂರಿನ ಕೆಲಸದ ವಿಷಯ ಒಂದಿಷ್ಟು ಹೇಳಿದೆ. ಅವರಲ್ಲೊಬ್ಬ ಬಹಳ ಆಸಕ್ತಿಯಿಂದ ಕೇಳಿಸಿಕೊಂಡು, ತನ್ನ ಗುದ್ದಲಿಯನ್ನೇ ನನ್ನ ಕೈಗೆ ಕೊಟ್ಟ. ಒಂದು ಕಾಲುವೆ ಬಿಡಿಸಿಕೊಟ್ಟೇ ಮುಂದೆ ಹೋದದ್ದು. ಹುದುಲು ಬಹಳ ಆಳವಿದ್ದಲ್ಲಿ ಸೀಳಿದ ಮರದ ಕಾಲುಸಂಕ ಹಾಕಿದ್ದಾರೆ. ಹಳೆಯ ಸಂಕಗಳು ಒಂದು ತುದಿ ಮುಳುಗಿ ಓರೆಯಾಗಿರುತ್ತವೆ. ಒದ್ದೆ ಮರದ ಮೇಲೆ ಕಾಲಿಡುವುದಕ್ಕಿಂತ ಕೆಸರಿಗೆ ಇಳಿಯುವುದೇ ಕ್ಷೇಮ.

ಆ ಹುಡುಗರು ಹೇಳಿದ ಒಂದು ಮಾತು ನಾನು ಆಮೇಲೆ ಎಲ್ಲ ಬೆಟ್ಟಗಳಲ್ಲೂ ಕಣ್ಣಾರೆ ಕಂಡೆ. ದಾರಿ ಹಾಳಾಗುವುದು ಕೆಸರಿನಲ್ಲಿ ನಡೆಯುವವರಿಂದಲ್ಲ, ಕೆಸರು ತಪ್ಪಿಸುವವರಿಂದ. ಒಂದು ಹೊಂಡವಿದೆ ಎಂದುಕೊಳ್ಳಿ. ಶೂ ಹೊಲಸಾಗಬಾರದೆಂದು ಒಬ್ಬ ಅಂಚಿನ ಪಾಚಿಯ ಮೇಲೆ ಕಾಲಿಟ್ಟು ದಾಟುತ್ತಾನೆ. ಅವನ ಹಿಂದಿನವನೂ ಅಲ್ಲೇ. ನಾಲ್ಕು ವಾರದಲ್ಲಿ ಪಾಚಿ ಸತ್ತು ಬೇರು ಹೊರಗೆ ಬೀಳುತ್ತದೆ. ಮಳೆ ಬಂದು ಆ ಅಂಚೂ ಕರಗಿ ಹೊಂಡ ಸೇರುತ್ತದೆ. ಮುಂದಿನವನು ಇನ್ನೂ ಒಂದು ಗಜ ಆಚೆ ಹೋಗುತ್ತಾನೆ. ಎರಡಡಿ ಅಗಲ ಕಡಿದಿದ್ದ ದಾರಿ ಹೀಗೇ ಕೆಲವು ಕಡೆ ಲಾರಿ ಹೋಗುವಷ್ಟು ಅಗಲವಾಗಿದೆ. ನಡುವಿನ ಹೊಂಡದ ಕೆಳಗೆ ಹೇಗೂ ಬಂಡೆಯಿದೆ. ಅದು ಅದಕ್ಕಿಂತ ಆಳ ಹೋಗಲಾರದು. ಅಂಚು ಹಾಗಲ್ಲ, ಎಷ್ಟು ಬೇಕಾದರೂ ಹಿಂದೆ ಸರಿಯುತ್ತದೆ. ಆದ್ದರಿಂದ ಅಲ್ಲಿಯ ಮರ್ಯಾದೆ ಏನೆಂದರೆ, ನೆಟ್ಟಗೆ ನಡುವೆ ಇಳಿದು ಹೋಗುವುದು. ಹೇಳುವಷ್ಟು ಸುಲಭವಲ್ಲ. ದುಡ್ಡು ಕೊಟ್ಟು ತಂದ ಬೂಟನ್ನು ಗೊತ್ತಿದ್ದೂ ಗೊತ್ತಿದ್ದೂ ಗುಂಡಿಗೆ ಇಳಿಸಲು ಮನಸ್ಸು ಒಪ್ಪುವುದಿಲ್ಲ. ಒಂದು ಸಲ ನೀರು ಒಳಗೆ ಹೋಗಿ ಕಾಲುಚೀಲ ತೊಯ್ದ ಮೇಲೆ ಆ ಕಷ್ಟವೆಲ್ಲ ತೀರಿಹೋಗುತ್ತದೆ. ಆಮೇಲೆ ನಡಿಗೆಯೂ ಚುರುಕಾಗುತ್ತದೆ. ಹುಬ್ಬಳ್ಳಿಯವನು ಬೇಗ ಆ ಸ್ಥಿತಿಗೆ ಬಂದ. ಬೆನ್ನ ಮೇಲಿನ ಕಲ್ಲಿನ ದಯೆಯಿಂದ ನನಗಿಂತ ನಾಲ್ಕು ಬೆರಳು ಹೆಚ್ಚೇ ಮುಳುಗುತ್ತಿದ್ದ, ಆದರೂ ಅದನ್ನು ಬಿಸಾಡಲಿಲ್ಲ.

ಕರಿನೊಣದ ವಿಷಯ ಹೇಳದೆ ಜೂನ್ ತಿಂಗಳ ಅಡಿರಾಂಡ್ಯಾಕಿನ ಕಥೆ ಮುಗಿಯುವುದಿಲ್ಲ. ಮೇ ನಡುವಿನಿಂದ ಜುಲೈ ಆರಂಭದವರೆಗೆ ಅದರ ಕಾಟ. ಸೊಳ್ಳೆ ನಿಂತ ನೀರಿನದು, ಇದು ಶುದ್ಧವಾಗಿ ಹರಿಯುವ ತೊರೆಯಲ್ಲಿ ಹುಟ್ಟುವಂಥದ್ದು. ಅದಿದೆ ಎಂದರೆ ನೀರು ಚೆನ್ನಾಗಿದೆ ಎಂದರ್ಥ ಎಂದು ಸಮಾಧಾನ ಹೇಳುವವರೂ ಇದ್ದಾರೆ. ಕಚ್ಚುವುದು ಹೆಣ್ಣು ಮಾತ್ರ. ಚರ್ಮ ಸೀಳಿ, ರಕ್ತ ಹೆಪ್ಪುಗಟ್ಟದ ಹಾಗೆ ಎಂಜಲು ಬಿಡುತ್ತದೆ. ಉಂಬಳವೂ ಮಾಡುವುದು ಅದನ್ನೇ. ಆದರೆ ಉಂಬಳ ಎಷ್ಟೋ ಸಭ್ಯ ಪ್ರಾಣಿ; ಹೊಟ್ಟೆ ತುಂಬಿದ ಮೇಲೆ ತಾನಾಗಿ ಉದುರುತ್ತದೆ, ಸುಣ್ಣ ತೋರಿಸಿದರೆ ಬಿಡುತ್ತದೆ, ಕಿವಿಯಲ್ಲಿ ಗುಂಯ್‌ಗುಡುವುದಿಲ್ಲ. ಕೆಸರಿನಲ್ಲಿ ಕಾಲು ಸಿಕ್ಕಿಕೊಂಡು ಎರಡು ಕೈಯಲ್ಲೂ ಊರುಗೋಲು ಹಿಡಿದು ನಿಂತಿರುವವನ ಕಿವಿಯ ಹಿಂದೆ ಕರಿನೊಣ ಕೂತರೆ ಓಡಿಸುವುದು ಹೇಗೆಂದು ನನಗೆ ಈವರೆಗೂ ಗೊತ್ತಾಗಿಲ್ಲ.

ಮರಗಳು ಗಿಡ್ಡವಾಗುತ್ತಾ ಸೊಂಟಕ್ಕೆ, ಆಮೇಲೆ ಮೊಣಕಾಲಿಗೆ ಇಳಿದು ಕೊನೆಗೆ ಇಲ್ಲವಾದವು. ಬರಿ ಬಂಡೆ, ಗಾಳಿ. ಕೆಸರಿನಿಂದ ಹೊರಬಂದು ಬಂಡೆಯ ಮೇಲೆ ಹೆಜ್ಜೆ ಇಟ್ಟಾಗ ಕಾಲಿಗೆ ಆದ ಸುಖ ಇಷ್ಟು ವರ್ಷವಾದರೂ ಮರೆತಿಲ್ಲ. ಅಲ್ಲಿ ತುದಿಯ ಕಾವಲಿಗೆ ಒಬ್ಬಳು ನಿಂತಿದ್ದಳು. ಪೊಲೀಸಲ್ಲ, ದಂಡ ಹಾಕುವವಳೂ ಅಲ್ಲ. 1989ರಿಂದ ಬೇಸಿಗೆಯಲ್ಲಿ ಎತ್ತರದ ತುದಿಗಳಲ್ಲಿ ಹೀಗೆ ಒಬ್ಬೊಬ್ಬರು ನಿಂತು ಬಂದವರೊಂದಿಗೆ ಮಾತಾಡುತ್ತಾರೆ. ಬಂಡೆಯ ಮೇಲೆ ಮಾತ್ರ ಕಾಲಿಡಿ, ಹುಲ್ಲಿನಂತೆ ಕಾಣುವುದರ ಮೇಲೆ ಇಡಬೇಡಿ, ಅದು ಹುಲ್ಲಲ್ಲ ಎನ್ನುವುದೇ ಅವರ ಕೆಲಸ. ಹಿಮನದಿ ಹೋದಾಗ ಹಿಂದೆ ಉಳಿದ ಉತ್ತರಧ್ರುವದ ಕಡೆಯ ಗಿಡಗಳು ಅವು. ಡಯಾಪೆನ್ಸಿಯಾ ಎಂಬ ಅಂಗೈಯಗಲದ ದಿಂಬಿನಂಥ ಗಿಡವನ್ನು ಅವಳು ತೋರಿಸಿದಳು. ಅಷ್ಟು ಬೆಳೆಯಲು ಅದಕ್ಕೆ ಎಷ್ಟೋ ವರ್ಷ ಬೇಕು. ಇಡೀ ನ್ಯೂಯಾರ್ಕ್ ರಾಜ್ಯದಲ್ಲಿ ಇಂಥ ನೆಲ ಇನ್ನೂರು ಎಕರೆಯೂ ಇಲ್ಲ. ಒಂದು ಕಾಲದಲ್ಲಿ ಜನ ತುಳಿದು ಇದೂ ಬೋಳಾಗಿತ್ತು. ಎಡ್ವಿನ್ ಕೆಚ್‌ಲೆಜ್ ಎಂಬ ಸಸ್ಯಶಾಸ್ತ್ರಜ್ಞರು ಹುಲ್ಲಿನ ಬೀಜ, ಸುಣ್ಣ, ಗೊಬ್ಬರವನ್ನು ಚೀಲದಲ್ಲಿ ಹೊತ್ತು ತಂದು ಮಣ್ಣು ನಿಲ್ಲಿಸುವ ಕೆಲಸ ಶುರುಮಾಡಿದರು. ಕೆಳಗಿನ ಕಲ್ಲುಗುಡ್ಡೆಯೂ ಆ ಕೆಲಸದ್ದೇ. ಮಣ್ಣು ಜರಿಯದ ಹಾಗೆ, ಜನ ಅತ್ತ ಕಾಲಿಡದ ಹಾಗೆ ಆ ಕಲ್ಲುಗಳನ್ನು ಜೋಡಿಸುತ್ತಾರೆ. ಗೆಳೆಯ ತನ್ನ ಕಲ್ಲನ್ನು ಅವಳ ಮುಂದಿಟ್ಟ. ಅವಳು ಎರಡೂ ಕೈಯಲ್ಲಿ ಎತ್ತಿ ನೋಡಿ, ಇಷ್ಟು ದೊಡ್ಡದು ಬೇಕಿರಲಿಲ್ಲ ಎಂದಳು. ಅವನಿಗೆ ಮರುದಿನದವರೆಗೂ ಅದೇ ಕೊರಗು.

ತುದಿಯಿಂದ ಕೆಳಗೆ ಲೇಕ್ ಟಿಯರ್ ಆಫ್ ದ ಕ್ಲೌಡ್ಸ್ ಎಂಬ ಪುಟ್ಟ ಕೊಳವಿದೆ, ಹಡ್ಸನ್ ನದಿಯ ಅತಿ ಎತ್ತರದ ಮೂಲ. 1901ರ ಸೆಪ್ಟೆಂಬರ್ 13ರಂದು ಉಪಾಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ ಮಾರ್ಸಿ ಇಳಿದು ಅಲ್ಲಿ ಕೂತಿದ್ದಾಗ ಒಬ್ಬ ಆಳು ಕಾಡಿನಿಂದ ತಂತಿ ಹಿಡಿದು ಓಡಿಬಂದ. ಬಫೆಲೊದಲ್ಲಿ ವಾರದ ಹಿಂದೆ ಗುಂಡೇಟು ತಿಂದಿದ್ದ ಅಧ್ಯಕ್ಷ ಮೆಕಿನ್ಲಿ ಸಾಯುವ ಸ್ಥಿತಿಯಲ್ಲಿದ್ದರು. ರೂಸ್‌ವೆಲ್ಟ್ ಇದೇ ಬೆಟ್ಟದ ದಾರಿಯಲ್ಲಿ ಮೈಲಿಗಟ್ಟಲೆ ನಡೆದು ಇಳಿದು, ರಾತ್ರಿಯಿಡೀ ಕುದುರೆಗಾಡಿಯಲ್ಲಿ ಕಾಡಿನ ರಸ್ತೆ ಹಿಡಿದು ನಾರ್ತ್ ಕ್ರೀಕ್ ಎಂಬ ರೈಲು ನಿಲ್ದಾಣ ಮುಟ್ಟುವಾಗ ಬೆಳಗಾಗಿತ್ತು. ಅಷ್ಟರಲ್ಲಿ ಮೆಕಿನ್ಲಿ ತೀರಿಕೊಂಡಿದ್ದರು. ಅಮೆರಿಕದ ಹೊಸ ಅಧ್ಯಕ್ಷರ ಬೂಟು ಆ ದಿನ ಹೇಗಿತ್ತೆಂದು ಯಾರೂ ಬರೆದಿಟ್ಟಂತೆ ಕಾಣೆ. ಮಾರ್ಸಿ ಇಳಿದ ಯಾರನ್ನು ಕೇಳಿದರೂ ಹೇಳಿಯಾರು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಮಧ್ಯಾಹ್ನದ ಮಳೆ ಹಿಡಿಯಿತು. ಹತ್ತುವಾಗ ಹೊಂಡ ಕಣ್ಣಿನ ಎದುರಿಗಿರುತ್ತದೆ. ಇಳಿಯುವಾಗ ಅದು ಕಾಲಿನ ಕೆಳಗೆ ಬಂದ ಮೇಲೇ ಕಾಣುತ್ತದೆ. ಕೆಳಗಿನಿಂದ ಜೀನ್ಸ್, ಬಿಳಿ ಶೂ ಹಾಕಿಕೊಂಡ ಒಂದು ದೊಡ್ಡ ಗುಂಪು ಬರುತ್ತಿತ್ತು. ಮರಗಳ ಬುಡ ಹಿಡಿದು, ಪಾಚಿ ತುಳಿದು, ಕೊಂಬೆ ಮುರಿದು, ಒಬ್ಬರಿಗೊಬ್ಬರು ಕೈಕೊಟ್ಟು, ಅಂಚಿನಲ್ಲೇ ಸರ್ಕಸ್ ಮಾಡುತ್ತಾ ದಾಟುತ್ತಿದ್ದರು. ನಾವು ನಡುವಿನಲ್ಲಿ ಎಮ್ಮೆಗಳಂತೆ ಇಳಿದುಹೋದೆವು. ಅವರು ನಮ್ಮನ್ನು ನೋಡಿ ಕನಿಕರದಿಂದ ನಕ್ಕರು. ನಮಗೆ ಸಿಟ್ಟು ಬಂತು, ನನಗೆ ತುಸು ಹೆಚ್ಚೇ. ಈಗಲೂ ಬೆಟ್ಟದಿಂದ ಬಿಳಿ ಶೂ ಬಿಳಿಯಾಗಿಯೇ ಉಳಿಸಿಕೊಂಡು ಇಳಿದವರ ಫೋಟೊ ನೋಡಿದರೆ ನನಗೆ ಸಂಶಯ ಬರುತ್ತದೆ, ಯಾವ ಪಾಚಿಯ ಮೇಲೆ ನಡೆದರೋ ಎಂದು.

ಆಮೇಲೆ ಎಷ್ಟೋ ಸಲ ಆ ಕಡೆ ಹೋದೆ. ಕೌಚ್‌ಸಾಕ್ರಾಗ ಎಂಬ ಬೆಟ್ಟದ ಹುದುಲು ಮಾರ್ಸಿಯದನ್ನು ನಾಚಿಸುವಂಥದ್ದು. ನಮ್ಮೂರಿನ ಕುಮಾರ ಪರ್ವತದಲ್ಲಿ, ಮಳೆಗಾಲ ಮುಗಿದು ದಾರಿ ತೆರೆದ ಹೊಸತರಲ್ಲಿ, ಹುಲ್ಲುಗಾವಲಿನ ಕಾಲುದಾರಿ ಒಂದಿದ್ದದ್ದು ಅಕ್ಕಪಕ್ಕ ನಾಲ್ಕು ಸಾಲಾಗಿ ಕವಲೊಡೆದದ್ದನ್ನು ನೋಡಿದಾಗ ಆ ಗುದ್ದಲಿ ಹುಡುಗರ ಲೆಕ್ಕ ಇಲ್ಲಿಗೂ ಹೊಂದುತ್ತದೆ ಅನ್ನಿಸಿತು. ಮಾರ್ಸಿಯಲ್ಲಿ ಈಚೆಗೆ ಕೆಲವು ಕೆಟ್ಟ ಜಾಗಗಳಲ್ಲಿ ಹೆಜ್ಜೆಗಲ್ಲು ಹಾಕಿದ್ದಾರೆ, ಪಕ್ಕದ ಬಳಸುದಾರಿಗೆ ಸತ್ತ ಮರ ಅಡ್ಡ ಎಳೆದಿದ್ದಾರೆ. ಅಲ್ಲಿ ಅಂಚಿಗೆ ಪಾಚಿ ಮತ್ತೆ ಹತ್ತಿದೆ. ಉಳಿದ ಕಡೆ ಹಾಗೇ ಇದೆ.

ಬೇಸಿಗೆ ರಜೆಗೆ ಆ ಕಡೆ ಹೊರಟ ಕನ್ನಡದವರು ದಾರಿ ಹೇಗಿದೆ ಎಂದು ಈಗಲೂ ಕೇಳುತ್ತಾರೆ. ಕೆಸರಾಗಿದೆ. ಆಗಸ್ಟ್ ಕೊನೆಗೆ ತುಸು ವಾಸಿ, ಕರಿನೊಣವೂ ಇರುವುದಿಲ್ಲ, ಆದರೆ ಒಣಗುತ್ತದೆ ಎಂದು ಕಾಯಬೇಡಿ. ಜೀನ್ಸ್ ಬೇಡ, ಹತ್ತಿಯ ಕಾಲುಚೀಲ ಬೇಡ, ಒದ್ದೆಯಾದರೆ ಚಳಿ ಹಿಡಿಯುತ್ತದೆ. ಕಾರಿನಲ್ಲಿ ಇನ್ನೊಂದು ಜೊತೆ ಚಪ್ಪಲಿ ಇರಲಿ. ಕೆಳಗಿನ ಗುಡ್ಡೆಯಿಂದ ಒಂದು ಕಲ್ಲು ತೆಗೆದುಕೊಳ್ಳಿ, ಸಣ್ಣದು ಸಾಕು. ಹೊಂಡ ಸಿಕ್ಕಿದಲ್ಲಿ ನಡುವೆಯೇ ಇಳಿದು ಹೋಗಿ, ಮಕ್ಕಳಿಗೂ ಹಾಗೇ ಹೇಳಿ. ಅವರು ಬೇಡವೆನ್ನುವುದಿಲ್ಲ.